ತೇಲುವ ಅಕ್ಕಿಯ ಲೆಕ್ಕ

ಮಲೆನಾಡಿನ ಅಡುಗೆಮನೆಯಲ್ಲಿ ಅಕ್ಕಿಗೊಂದು ಪರೀಕ್ಷೆ ಇದೆ. ಮೊರದಲ್ಲಿ ಕೇರಿ, ಕಲ್ಲು ಭತ್ತ ಆರಿಸಿ, ಪಾತ್ರೆಗೆ ಸುರಿದು ನೀರು ಬಿಟ್ಟಾಗ ತಳಕ್ಕೆ ಕೂತದ್ದು ಅಕ್ಕಿ, ಮೇಲೆ ತೇಲಿದ್ದು ಕಸ. ಜೊಳ್ಳು, ಹುಳ ಕೊರೆದ ಕಾಳು, ಹೊಟ್ಟಿನ ಚೂರು ಎಲ್ಲವೂ ಮೇಲೆ ಬರುತ್ತವೆ. ಅಂಗೈ ಅಡ್ಡ ಹಿಡಿದು ಬಗ್ಗಿಸಿ ಚೆಲ್ಲಿದರೆ ಆಯಿತು. ಈ ಪರೀಕ್ಷೆಯಲ್ಲಿ ತಪ್ಪೇನೂ ಇಲ್ಲ. ಬಿತ್ತನೆ ಭತ್ತ ಆಯಲು ಕೃಷಿ ಇಲಾಖೆಯವರು ಹೇಳಿಕೊಡುವ ಉಪ್ಪುನೀರಿನ ಉಪಾಯವೂ ಇದೇ: ತೂಕದ ಕಾಳು ಮುಳುಗುತ್ತದೆ, ಟೊಳ್ಳು ತೇಲುತ್ತದೆ.

ತೀರ್ಥಹಳ್ಳಿ ಹತ್ತಿರದ ನಮ್ಮೂರಿನಲ್ಲಿ ಪಕ್ಕದ ಮನೆಯ ಅಕ್ಕ ಒಂದು ಬೆಳಿಗ್ಗೆ ಅಕ್ಕಿ ನೆನೆಹಾಕಿದ ಬೋಗುಣಿ ಹಿಡಿದುಕೊಂಡೇ ಬಂದರು. “ಇದೆಂತ ಅಕ್ಕಿ ಮಾರಾಯ್ರೆ, ಸೊಸೈಟಿದು. ನೋಡಿ, ತೇಲ್ತದೆ. ಪ್ಲಾಸ್ಟಿಕ್ ಅಂತೆ, ಹೌದಾ?” ನಾಲ್ಕಾರು ಕಾಳು ನಿಜಕ್ಕೂ ತೇಲುತ್ತಿದ್ದವು. ಉಳಿದ ಅಕ್ಕಿಗಿಂತ ಒಂದು ಸುತ್ತು ಹಳದಿ, ಹೊಳಪಿಲ್ಲ, ಹೆಚ್ಚುಕಮ್ಮಿ ಎಲ್ಲವೂ ಒಂದೇ ಅಚ್ಚಿನವು. ಬೆರಳಲ್ಲಿ ಹಿಸುಕಿದರೆ ಹಿಟ್ಟಾಗುತ್ತಿತ್ತು. ಪ್ಲಾಸ್ಟಿಕ್ ಆಗಿದ್ದರೆ ಹಿಟ್ಟಾಗುತ್ತಿರಲಿಲ್ಲ, ಅಷ್ಟಂತೂ ಅವರಿಗೂ ಗೊತ್ತಿತ್ತು. ಆದರೂ ತೇಲಿದ್ದನ್ನು ಮಕ್ಕಳ ಹೊಟ್ಟೆಗೆ ಹಾಕುವುದು ಹೇಗೆ?

ಆ ಕಾಳಿಗೆ ಸರ್ಕಾರಿ ಕನ್ನಡದಲ್ಲಿ ಸಾರವರ್ಧಿತ ಅಕ್ಕಿಕಾಳು ಎಂದು ಹೆಸರು. ಅದನ್ನು ಮಾಡುವ ಬಗೆ ನಮ್ಮವರಿಗೆ ಅರ್ಥವಾಗದ ವಿದ್ಯೆಯೇನಲ್ಲ. ಒತ್ತುಶಾವಿಗೆ ನೆನಪಿಸಿಕೊಂಡರೆ ಸಾಕು. ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಜೀವಸತ್ವದ ಪುಡಿ ಕಲಸಿ, ಬಿಸಿ ಮತ್ತು ಹಬೆ ಕೊಟ್ಟು, ಯಂತ್ರದ ಅಚ್ಚಿನಿಂದ ಒತ್ತಿ, ಹೊರಬರುವ ಎಳೆಯನ್ನು ಅಕ್ಕಿಯಷ್ಟೇ ಉದ್ದಕ್ಕೆ ಕತ್ತರಿಸಿ ಒಣಗಿಸುತ್ತಾರೆ. ನಮ್ಮ ಶಾವಿಗೆ ಒರಳು ಎಳೆಯನ್ನು ಉದ್ದಕ್ಕೇ ಬಿಡುತ್ತದೆ, ಇದು ತುಂಡು ಮಾಡುತ್ತದೆ, ವ್ಯತ್ಯಾಸ ಇಷ್ಟೇ. ಒತ್ತುವಾಗ ಒಳಗೆ ಸಣ್ಣ ಗಾಳಿಗುಳ್ಳೆ ಉಳಿಯುವುದರಿಂದ ಕೆಲವು ಕಾಳು ತೇಲುತ್ತವೆ. ಇಂಥ 1 ಕೆ.ಜಿ. ಕಾಳನ್ನು 100 ಕೆ.ಜಿ. ಮಾಮೂಲಿ ಅಕ್ಕಿಗೆ ರೈಸ್‌ಮಿಲ್ಲಿನಲ್ಲಿ ಬೆರೆಸುತ್ತಿದ್ದರು; 2026ರ ಫೆಬ್ರುವರಿಯಲ್ಲಿ ಕೇಂದ್ರ ಈ ಬೆರೆಸುವಿಕೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿತು.

2021ರ ಆಗಸ್ಟ್ 15ರಂದು ಪ್ರಧಾನಿ ಕೆಂಪುಕೋಟೆಯಿಂದ ಘೋಷಿಸಿದ್ದು, 2024ರೊಳಗೆ ಸರ್ಕಾರಿ ಯೋಜನೆಗಳ ಅಕ್ಕಿಯೆಲ್ಲ ಹೀಗೆ ಬೆರೆತೇ ಬರಬೇಕು ಎಂದು. ಮೊದಲು ಅಂಗನವಾಡಿ ಮತ್ತು ಶಾಲೆಯ ಬಿಸಿಯೂಟ, ಆಮೇಲೆ ಅಪೌಷ್ಟಿಕತೆ ಹೆಚ್ಚಿರುವ ಜಿಲ್ಲೆಗಳು, ಕೊನೆಗೆ ಉಳಿದ ಕಡೆ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಇದನ್ನು 2028ರ ಡಿಸೆಂಬರ್‌ವರೆಗೆ ನಡೆಸಲು 17,082 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಇಷ್ಟು ದುಡ್ಡಿನ ಯೋಜನೆಯಲ್ಲಿ ‘ಅಕ್ಕಿ ತೊಳೆಯುವಾಗ ಕೆಲವು ಕಾಳು ತೇಲುತ್ತವೆ, ಚೆಲ್ಲಬೇಡಿ’ ಎಂಬ ಒಂದು ಮಾತು ನಮ್ಮೂರಿನ ಒಲೆಯ ಹತ್ತಿರಕ್ಕೆ ಬಂದದ್ದನ್ನು ನಾನು ಕಾಣೆ. ವಾಟ್ಸಾಪಿನ ವಿಡಿಯೊ ಮಾತ್ರ ಬಂದಿತ್ತು. 2017ರ ಸುಮಾರಿಗೆ ಅನ್ನದ ಉಂಡೆ ಕಟ್ಟಿ ನೆಲಕ್ಕೆ ಪುಟಿಸಿ ‘ನೋಡಿ ಪ್ಲಾಸ್ಟಿಕ್’ ಎಂದು ತೋರಿಸಿದ ಗದ್ದಲ ಜನರ ಮನಸ್ಸಿನಲ್ಲಿ ಇನ್ನೂ ಹಸಿಯಾಗಿದೆ. ಯಾವ ಅನ್ನವನ್ನು ಬಿಗಿಯಾಗಿ ಉಂಡೆ ಕಟ್ಟಿದರೂ ಪುಟಿಯುತ್ತದೆ ಎಂದು ಆಗ ಹೇಳಿದವರ ವಿಡಿಯೊ ಅಷ್ಟು ಓಡಲಿಲ್ಲ.

ಇದೇ ಅಡುಗೆಮನೆಗೆ ಅಯೋಡಿನ್ ಬಂದಾಗ ಇಂಥ ಜಗಳವಾಗಲಿಲ್ಲ. 2006ರಿಂದ ಅಯೋಡಿನ್ ಇಲ್ಲದ ಉಪ್ಪನ್ನು ತಿನ್ನಲೆಂದು ನೇರವಾಗಿ ಮಾರುವ ಹಾಗಿಲ್ಲ. ಮಲೆನಾಡಿನವರು ಮಿಡಿ ಉಪ್ಪಿನಕಾಯಿಗೆ ಮಾತ್ರ ಹರಳುಪ್ಪೇ ಬೇಕೆಂದು ಹಟ ಹಿಡಿದು, ಸಾರಿಗೆ ಪ್ಯಾಕೆಟ್ ಉಪ್ಪು ಹಾಕಿಕೊಂಡು ಎರಡಕ್ಕೂ ಜಾಗ ಕೊಟ್ಟರು. ಉಪ್ಪಿನಲ್ಲಿರುವ ಅಯೋಡಿನ್ ಕಣ್ಣಿಗೆ ಬೀಳುವುದಿಲ್ಲ, ತೇಲುವುದಿಲ್ಲ, ಯಾರೂ ಉಪ್ಪನ್ನು ಮೊರದಲ್ಲಿ ಕೇರುವುದಿಲ್ಲ. ಅಕ್ಕಿಯ ಮಾತು ಬೇರೆ. ದಿನಾ ಒಂದೊಂದು ಕಾಳನ್ನೂ ನೋಡುವ ಕಣ್ಣು ಈ ಮನೆಗಳಲ್ಲಿದೆ. ಆ ಕಣ್ಣು ಇರುವ ಕಡೆಗೆ ನಕಲಿ ಆಕಾರದ ಕಾಳು ಕಳಿಸುವಾಗ, ಕಣ್ಣಿನ ಜೊತೆ ಮೊದಲು ಮಾತಾಡಬೇಕಿತ್ತು.

ಅಕ್ಕಿಯಿಂದ ಸಾರ ಹೋದದ್ದು ಎಲ್ಲಿ ಎಂಬುದಕ್ಕೆ ಹಳೆಯ ಕಥೆಯೊಂದಿದೆ, ಜಾವಾ ದ್ವೀಪದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಟಾವಿಯಾದ (ಇಂದಿನ ಜಕಾರ್ತ) ಸೇನಾ ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್ಮನ್ ಬೆರಿಬೆರಿ ರೋಗದ ಕಾರಣ ಹುಡುಕುತ್ತಿದ್ದರು. ಕೈಕಾಲು ಸೋತು, ಉಸಿರು ಕಟ್ಟಿ ಜನ ಸಾಯುತ್ತಿದ್ದ ಕಾಲ. ರೋಗಾಣು ಇರಬೇಕೆಂದು ಅವರ ಲೆಕ್ಕ. ಆ ನಡುವೆ ಅಂಗಳದ ಕೋಳಿಗಳಿಗೆ ಕಾಲು ಸೋಲತೊಡಗಿತು, ಕೆಲವು ತಿಂಗಳಲ್ಲಿ ತಾನಾಗಿ ವಾಸಿಯೂ ಆಯಿತು. ವಿಚಾರಿಸಿದರೆ, ಕೋಳಿಗಳಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಮಿಕ್ಕ ಬಿಳಿ ಅನ್ನ ಹಾಕುತ್ತಿದ್ದರಂತೆ. ಹೊಸದಾಗಿ ಬಂದ ಅಡುಗೆಯವ ಸೇನೆಯ ಅನ್ನವನ್ನು ಊರ ಕೋಳಿಗಳಿಗೆ ಕೊಡಲೊಪ್ಪದೆ ನಿಲ್ಲಿಸಿಬಿಟ್ಟ. ಮತ್ತೆ ತೌಡಿನ ಸಮೇತದ ಅಕ್ಕಿ ಸಿಕ್ಕಿದ್ದೇ ಕೋಳಿಗಳು ಎದ್ದುನಿಂತವು. ಮುಂದೆ ತೌಡಿನಲ್ಲಿರುವ ಆ ವಸ್ತುವಿಗೆ ಥಯಾಮಿನ್, ಬಿ1 ಜೀವಸತ್ವ ಎಂದು ಹೆಸರಾಯಿತು. ಐಕ್ಮನ್‌ಗೆ 1929ರಲ್ಲಿ ನೊಬೆಲ್ ಬಂತು. ಅಡುಗೆಯವನ ಹೆಸರು ಯಾರಿಗೂ ನೆನಪಿಲ್ಲ.

ಒನಕೆಯಲ್ಲಿ ಕುಟ್ಟಿದ ಅಕ್ಕಿಗೆ ತೌಡು ಸ್ವಲ್ಪ ಅಂಟಿಕೊಂಡೇ ಇರುತ್ತಿತ್ತು. ಮಿಲ್ಲಿನ ಪಾಲಿಶ್ ಅದನ್ನು ಪೂರ್ತಿ ಒರೆಸಿತು. ಒನಕೆ ಹೋದದ್ದಕ್ಕೆ ನನಗೆ ದುಃಖವಿಲ್ಲ, ಕುಟ್ಟಿದವರ ರಟ್ಟೆಗೆ ಅದರ ಬೆಲೆ ಗೊತ್ತು. ಮಲೆನಾಡು ಮತ್ತು ಕರಾವಳಿಯ ಹಿರಿಯರು ಮಾಡಿಕೊಂಡಿದ್ದ ಒಂದು ಉಪಾಯ ಮಾತ್ರ ಇಲ್ಲಿ ಹೇಳಲೇಬೇಕು: ಕುಸುಬಲಕ್ಕಿ, ಘಟ್ಟದ ಕೆಳಗಿನವರು ಕುಚ್ಚಲಕ್ಕಿ ಎನ್ನುವುದು. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಆಮೇಲೆ ಅಕ್ಕಿ ಮಾಡುವ ಕ್ರಮ. ಬೇಯುವಾಗ ತೌಡಿನ ಬಿ ಜೀವಸತ್ವಗಳು ನೀರಿನೊಡನೆ ಕಾಳಿನ ಒಳಕ್ಕೆ ಇಳಿಯುತ್ತವೆ, ಆಮೇಲೆ ಮಿಲ್ಲು ಎಷ್ಟು ಉಜ್ಜಿದರೂ ಬಹುಪಾಲು ಉಳಿಯುತ್ತದೆ. ಬೆಳ್ತಿಗೆ, ಅಂದರೆ ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿಯ 100 ಗ್ರಾಮಿನಲ್ಲಿ ಥಯಾಮಿನ್ ಸುಮಾರು 0.05 ಮಿ.ಗ್ರಾಂ ಇದ್ದರೆ ಕುಸುಬಲಕ್ಕಿಯಲ್ಲಿ ಅದರ ಮೂರು ಪಟ್ಟು. ತಣ್ಣೀರಲ್ಲಿ ದಿನಗಟ್ಟಲೆ ನೆನೆಸಿದ ಭತ್ತ ಹುಳಿತು ವಾಸನೆ ಬರುವುದೇ ಇದರ ದೊಡ್ಡ ತೊಂದರೆ. ಅದಕ್ಕೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಬಿಸಿನೀರಿನಲ್ಲಿ ಕೆಲವೇ ಗಂಟೆ ನೆನೆಸುವ ವಿಧಾನ ರೂಪಿಸಿತು. ಬಸಿದ ಗಂಜಿಯನ್ನು ಚೆಲ್ಲದೆ ಉಪ್ಪು ಹಾಕಿ ಕುಡಿಯುವುದೂ ಇದೇ ಜಾಣ್ಮೆಯ ಮುಂದುವರಿಕೆ. ಪ್ರೆಶರ್ ಕುಕ್ಕರ್ ಬಂದ ಮೇಲೆ ಬಸಿಯುವ ಕೆಲಸವೇ ತಪ್ಪಿತು, ಆ ಮಟ್ಟಿಗೆ ಕುಕ್ಕರಿಗೂ ಒಂದು ಮಾರ್ಕು.

ಇಲ್ಲಿಗೆ ನಿಲ್ಲಿಸಿದರೆ ಲೇಖನ ಸುಲಭ. ‘ಹಿಂದಿನವರ ಅಕ್ಕಿಯಲ್ಲಿ ಎಲ್ಲವೂ ಇತ್ತು, ಪಾಲಿಶ್ ಮಾಡಿ ಕೆಡಿಸಿದರು, ಈಗ ಅದನ್ನೇ ಪುಡಿ ಮಾಡಿ ಮಾರುತ್ತಿದ್ದಾರೆ’ ಎಂದು ಬರೆದರೆ ಚಪ್ಪಾಳೆಯೂ ಸಿಗುತ್ತದೆ. ಥಯಾಮಿನ್ ಮಟ್ಟಿಗೆ ಆ ಮಾತು ಸರಿ. ತಮಾಷೆಯೆಂದರೆ ಸಾರವರ್ಧಿತ ಕಾಳಿನಲ್ಲಿ ಕಡ್ಡಾಯವಾಗಿ ಇರಬೇಕಾದ ಮೂರರಲ್ಲಿ ಥಯಾಮಿನ್ ಇಲ್ಲವೇ ಇಲ್ಲ. ಇರುವುದು ರಕ್ತಹೀನತೆಯ ವಿರುದ್ಧದ ಮೂರು. ಅವುಗಳಲ್ಲಿ ಬಿ12 ಯಾವ ಅಕ್ಕಿಯಲ್ಲೂ ಯಾವ ಕಾಲದಲ್ಲೂ ಇರಲಿಲ್ಲ, ಅದು ಮೀನು, ಮಾಂಸ, ಮೊಟ್ಟೆ, ಹಾಲಿನದು. ಕಬ್ಬಿಣವೂ ಅಷ್ಟಕ್ಕಷ್ಟೆ: 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 0.65 ಮಿ.ಗ್ರಾಂ, ತೌಡಿರುವ ಅಕ್ಕಿಯಲ್ಲಿ ಸುಮಾರು 1 ಮಿ.ಗ್ರಾಂ. ಅದರ ಮೇಲೆ ತೌಡಿನ ಫೈಟೇಟ್ ಎಂಬ ವಸ್ತು ಕಬ್ಬಿಣವನ್ನು ಕರುಳು ಹೀರದಂತೆ ಹಿಡಿದುಕೊಳ್ಳುತ್ತದೆ. ಹಾಗಾದರೆ ಅಜ್ಜಿಯರ ರಕ್ತಕ್ಕೆ ಕಬ್ಬಿಣ ಬರುತ್ತಿದ್ದದ್ದು ಅಕ್ಕಿಯಿಂದ ಅಲ್ಲ. ಎಲ್ಲಿಂದ?

ಗದ್ದೆಯಿಂದ. ಅಂದರೆ ಗದ್ದೆಯಲ್ಲಿ ಅಕ್ಕಿಯನ್ನು ಬಿಟ್ಟು ಉಳಿದದ್ದರಿಂದ. ಮುಂಗಾರಿನ ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಏರಿ ಬರುವ ಹತ್ತುಮೀನು, ಅಂಚಿನ ಬಿಲದ ಏಡಿ, ಅಗಳಿನ ಪಕ್ಕದ ಹೊನಗೊನ್ನೆ ಸೊಪ್ಪು, ಹಿತ್ತಲಿನ ಹರಿವೆ. ಭತ್ತ ಕೊಯ್ದ ಮೇಲೆ ಉಳಿದ ತೇವದಲ್ಲೇ ಬರುವ ಹುರುಳಿ, ಉದ್ದು. ಹುರುಳಿಯ 100 ಗ್ರಾಮಿನಲ್ಲಿ 8 ಮಿ.ಗ್ರಾಮಿಗೂ ಹೆಚ್ಚು ಕಬ್ಬಿಣವಿದೆ, ಅಕ್ಕಿಯ ಹತ್ತು ಪಟ್ಟಿಗೂ ಮೇಲೆ. ಮೀನು ತಿನ್ನದವರ ಮನೆಯಲ್ಲಿ ಕೊಟ್ಟಿಗೆಯ ಹಾಲು ಮಜ್ಜಿಗೆ ಬಿ12ರ ಕೆಲಸ ಮಾಡುತ್ತಿತ್ತು. ಆ ಕೊಟ್ಟಿಗೆ ನಿಂತದ್ದೂ ಗದ್ದೆಯ ಹುಲ್ಲಿನ ಮೇಲೆ. ಒಂದು ಗದ್ದೆ ಎಂದರೆ ಒಂದು ತಟ್ಟೆ ಊಟ.

ಹಾಗೆಂದು ಹಿಂದಿನ ತಟ್ಟೆಯನ್ನು ಹೊಗಳಿ ಕೂರುವವನಲ್ಲ ನಾನು. ಆಳು ಮಕ್ಕಳ ತಟ್ಟೆಯಲ್ಲಿ ಆಷಾಢದಲ್ಲಿ ಗಂಜಿ, ಉಪ್ಪಿನಕಾಯಿ ಬಿಟ್ಟರೆ ಬೇರೇನೂ ಇರದ ವರ್ಷಗಳಿದ್ದವು. ಮಲೆನಾಡಿನ ಮಲೇರಿಯಾ ರಕ್ತವನ್ನೇ ತಿನ್ನುತ್ತಿತ್ತು. ಸೊಸೈಟಿ ಅಕ್ಕಿ ಆ ಹಸಿವನ್ನು ಕಳೆಯಿತು. 2013ರಲ್ಲಿ ಅನ್ನಭಾಗ್ಯ ಬಂದಾಗ ನಮ್ಮಲ್ಲಿ ‘ಇನ್ನು ಕೆಲಸಕ್ಕೆ ಯಾರೂ ಬರುವುದಿಲ್ಲ’ ಎಂದು ಗೊಣಗಿದವರು ಹೆಚ್ಚಾಗಿ ತೋಟದ ಯಜಮಾನರೇ. ಆಳುಗಳು ಬಂದರು, ಕೂಲಿ ಕೇಳುವಾಗ ಸ್ವಲ್ಪ ನೆಟ್ಟಗೆ ನಿಂತು ಕೇಳಿದರು, ಅಷ್ಟೆ.

ಆದರೆ ಅದೇ ಹೊತ್ತಿಗೆ ಗದ್ದೆ ಕರಗುತ್ತಿತ್ತು. ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆ ಬಸ್ಸಿನಲ್ಲಿ ಕೂತು ಕಿಟಕಿಯಿಂದ ನೋಡಿದರೆ ಸಾಕು: ಇಂಟಾನ್, ಹೆಗ್ಗೆ ತಳಿಯ ಭತ್ತ ಬೆಳೆಯುತ್ತಿದ್ದ ಗದ್ದೆಗಳಲ್ಲಿ ಬಸಿಗಾಲುವೆ ತೆಗೆದು ಅಡಿಕೆ ಸಸಿ ನೆಟ್ಟಿದ್ದಾರೆ. ಬೈದು ಪ್ರಯೋಜನವಿಲ್ಲ. ನಾಟಿಗೆ ಜನ ಸಿಗದೆ, ಭತ್ತಕ್ಕೆ ಬೆಲೆಯಿಲ್ಲದೆ, ಅಡಿಕೆಯಲ್ಲಿ ಮಗಳ ಮದುವೆ, ಮಗನ ಓದು ಎರಡೂ ಮುಗಿಯುವಾಗ ಯಾರಾದರೂ ಅದನ್ನೇ ಮಾಡುತ್ತಾರೆ. ಗದ್ದೆ ತೋಟವಾದಾಗ ಅಕ್ಕಿಯ ನಷ್ಟವನ್ನು ಅಂಗಡಿ ತುಂಬಿತು. ಏಡಿ, ಹುರುಳಿ, ಹೊನಗೊನ್ನೆ, ಹುಲ್ಲು, ಹಾಲಿನ ನಷ್ಟವನ್ನು ಯಾವ ಅಂಗಡಿಯೂ ತಾನಾಗಿ ತುಂಬಲಿಲ್ಲ, ದುಡ್ಡಿದ್ದವರು ಕೊಂಡರು. ತೋಟದ ಯಜಮಾನನಿಗೆ ಅಡಿಕೆಯ ದುಡ್ಡು ಬಂತು. ಆ ಗದ್ದೆಯ ಅಂಚಿನಲ್ಲಿ ಏಡಿ ಹಿಡಿಯುತ್ತಿದ್ದ, ಸ್ವಂತ ಜಮೀನಿಲ್ಲದ ಮನೆಗೆ ಬಂದದ್ದು ಅಕ್ಕಿ ಮಾತ್ರ.

ಆ ಮನೆಯ ಲೆಕ್ಕ ಹಾಕೋಣ. ತಲೆಗೆ ತಿಂಗಳಿಗೆ 5 ಕೆ.ಜಿ. ಎಂದರೆ ದಿನಕ್ಕೆ ಸುಮಾರು 167 ಗ್ರಾಂ. ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡದಂತೆ ಬೆರೆಸಿದ ಅಕ್ಕಿಯ ಪ್ರತಿ ಕೆ.ಜಿ.ಯಲ್ಲಿ 28ರಿಂದ 42.5 ಮಿ.ಗ್ರಾಂ ಕಬ್ಬಿಣ ಇರಬೇಕು. ಅಂದರೆ ದಿನಕ್ಕೆ ಹೆಚ್ಚುಕಮ್ಮಿ 4.7ರಿಂದ 7 ಮಿ.ಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕ ಹೆಣ್ಣಿಗೆ ದಿನಕ್ಕೆ 29 ಮಿ.ಗ್ರಾಂ ಬೇಕು, ಗಂಡಿಗೆ 19. ಹೆಣ್ಣಿನ ಅಗತ್ಯದ ಆರನೇ ಒಂದು ಭಾಗದಿಂದ ಕಾಲುಭಾಗದ ತನಕ ಈ ಅಕ್ಕಿ ಕೊಡುತ್ತದೆ. ಕಡೆಗಣಿಸುವ ಪಾಲಲ್ಲ, ಸಾಕಾಗುವ ಪಾಲೂ ಅಲ್ಲ. ಆ ಹಳದಿ ಕಾಳನ್ನೆಲ್ಲ ಆರಿಸಿ ಎಸೆದರೆ ಉಳಿಯುವುದು ಬರೀ ಬಿಳಿ ಅಕ್ಕಿ, ದಿನಕ್ಕೆ ಒಂದು ಮಿ.ಗ್ರಾಂ ಚಿಲ್ಲರೆ.

ಆರಿಸದೆ ಉಂಡರೂ ಅದೆಲ್ಲ ರಕ್ತಕ್ಕೆ ಸೇರುವುದಿಲ್ಲ. ಅನ್ನದ ಬಣ್ಣ ಕೆಡಬಾರದೆಂದು ಸಾಮಾನ್ಯವಾಗಿ ಬಳಸುವುದು ಫೆರಿಕ್ ಪೈರೊಫಾಸ್ಫೇಟ್ ಎಂಬ ಬೆಳ್ಳನೆಯ ಕಬ್ಬಿಣದ ಲವಣ. ನೋಡಲು ಚೆನ್ನ, ಜೀರ್ಣಕ್ಕೆ ನಿಧಾನ. ಊಟ ಮುಗಿಸಿ ಕೈ ಒಣಗುವ ಮೊದಲೇ ಕುಡಿಯುವ ಕಾಫಿ, ಚಾ ಕಬ್ಬಿಣ ಹೀರುವುದಕ್ಕೆ ಅಡ್ಡ ಬರುತ್ತವೆ. ಅದೇ ಊಟದಲ್ಲಿ ನಿಂಬೆಹುಳಿ ಹಿಂಡಿದ ಪಲ್ಯವೋ ನೆಲ್ಲಿಕಾಯಿ ತಂಬುಳಿಯೋ ಇದ್ದರೆ ಅದರ ಸಿ ಜೀವಸತ್ವ ಸಹಾಯಕ್ಕೆ ಬರುತ್ತದೆ. ಇದೆಲ್ಲದರ ಮೇಲೆ ಕೊಕ್ಕೆಹುಳು. ಮಳೆಗಾಲವಿಡೀ ಒದ್ದೆಯಿರುವ ತೋಟದ ಮಣ್ಣಿನಲ್ಲಿ ಬರಿಗಾಲಲ್ಲಿ ನಡೆದವರ ಪಾದದಿಂದ ಒಳಹೊಕ್ಕು ಕರುಳಿನಲ್ಲಿ ಕಚ್ಚಿ ರಕ್ತ ಕುಡಿಯುವ ಹುಳು ಅದು. ಒಡಕು ಕೊಡಕ್ಕೆ ಎಷ್ಟು ನೀರು ಹೊಯ್ದರೇನು? ಚಪ್ಪಲಿ, ಕಕ್ಕಸು, ಜಂತುಹುಳುವಿನ ಮಾತ್ರೆ ಇವೂ ಕಬ್ಬಿಣದ ಯೋಜನೆಗಳೇ, ಆದರೆ ಬೇರೆ ಇಲಾಖೆಯವು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಅಂಕಿ ಹೆಚ್ಚು ತೋರುತ್ತದೆ ಎಂಬ ತಕರಾರು ತಜ್ಞರಲ್ಲಿದೆ. ಅಂಕಿಯನ್ನು ಎಷ್ಟು ಇಳಿಸಿ ನೋಡಿದರೂ ಚಿಕ್ಕದೇನಲ್ಲ. 1923ರಿಂದ ಭದ್ರಾವತಿಯಲ್ಲಿ ಕೆಮ್ಮಣ್ಣುಗುಂಡಿಯ ಅದಿರು ಕರಗಿಸಿ ನಾಡಿಗೆಲ್ಲ ಕಬ್ಬಿಣ ಕಳಿಸಿದ ಜಿಲ್ಲೆ ನಮ್ಮದು ಎಂದು ಇಲ್ಲಿ ಸುಮ್ಮನೆ ನೆನಪಾಗುತ್ತದೆ.

ಸಾರವರ್ಧಿತ ಅಕ್ಕಿಯಿಂದ ರಕ್ತಹೀನತೆ ಇಳಿಯುತ್ತದೆಯೇ? ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2019ರ ಕಾಕ್ರೇನ್ ಪರಾಮರ್ಶೆಯ ಮಾತು ಅಳೆದು ತೂಗಿದ್ದು: ದೇಹದ ಕಬ್ಬಿಣದ ದಾಸ್ತಾನು ಬಹುಶಃ ಸುಧಾರಿಸುತ್ತದೆ, ರಕ್ತಹೀನತೆಯ ಪ್ರಮಾಣದಲ್ಲಿ ಹೆಚ್ಚು ವ್ಯತ್ಯಾಸ ಆಗದೆಯೂ ಇರಬಹುದು. ಯೋಜನೆಯನ್ನು ವಿಷ ಎನ್ನುವವರಿಗೂ ಅಮೃತ ಎನ್ನುವವರಿಗೂ ಇದು ರುಚಿಸುವ ಮಾತಲ್ಲ. ನನಗಂತೂ ಇದೇ ಸರಿ ಕಾಣುತ್ತದೆ. ತಟ್ಟೆಯಿಂದ ಹತ್ತು ಪದಾರ್ಥ ಹೋಗಿ, ಅವು ಕೊಡುತ್ತಿದ್ದ ನೂರಾರು ಸತ್ವಗಳಲ್ಲಿ ಮೂರನ್ನು ಪುಡಿ ಮಾಡಿ ಮರಳಿಸಿದರೆ ಸಿಗುವ ಫಲ ಇಷ್ಟೇ ಇರಬೇಕು.

ಎಚ್ಚರಿಕೆಯ ವಿಷಯವೂ ಇದೆ. ಥಲಸ್ಸೀಮಿಯಾ ಎಂಬ ರಕ್ತದ ಆನುವಂಶಿಕ ಕಾಯಿಲೆ ಇದ್ದವರ ದೇಹದಲ್ಲಿ ಕಬ್ಬಿಣ ಹೆಚ್ಚಾಗಿ ಶೇಖರವಾಗುವ ಅಪಾಯವಿರುವುದರಿಂದ ಅವರು ವೈದ್ಯರನ್ನು ಕೇಳಿ ತಿನ್ನಬೇಕು, ಕುಡಗೋಲು ಕಣದ (ಸಿಕಲ್ ಸೆಲ್) ರಕ್ತಹೀನತೆ ಇದ್ದವರು ತಿನ್ನಬಾರದು ಎಂದು ಚೀಲದ ಮೇಲೆ ಬರೆಯುವ ನಿಯಮ ಮೊದಲಿತ್ತು. ಈ ಪ್ರಮಾಣದ ಕಬ್ಬಿಣದಿಂದ ತೊಂದರೆಯಿಲ್ಲ ಎಂಬ ಸಮಿತಿಯ ಅಭಿಪ್ರಾಯದ ಮೇಲೆ 2024ರಲ್ಲಿ ಅದನ್ನು ತೆಗೆದರು. ಸಮಿತಿಯ ಮಾತು ಸರಿಯೇ ಇರಬಹುದು. ಆದರೆ ಎಚ್ಚರಿಕೆ ಇದ್ದಾಗಲೂ ಅದು ಇದ್ದದ್ದು 50 ಕೆ.ಜಿ. ಚೀಲದ ಮೇಲೆ. ಅಕ್ಕಿ ಮನೆಗೆ ಬರುವುದು ನಾವೇ ಒಯ್ದ ಕೈಚೀಲದಲ್ಲಿ, ತಕ್ಕಡಿಯಿಂದ ಸುರಿದು. ಚೀಲವನ್ನು ಓದಿದವರು ಹಮಾಲಿ ಮತ್ತು ಇಲಿ.

ನಮ್ಮ ಹವೆಯ ಲೆಕ್ಕವನ್ನೂ ಮೊದಲಿಗೆ ಯಾರೂ ಹಾಕಿದಂತಿರಲಿಲ್ಲ. ತೇವ ಮತ್ತು ಬಿಸಿಯಲ್ಲಿ ದಾಸ್ತಾನಾದಷ್ಟೂ ಫೋಲಿಕ್ ಆಮ್ಲ, ಬಿ12 ಕುಗ್ಗುತ್ತವೆ, ಕಬ್ಬಿಣ ನಿಲ್ಲುತ್ತದೆ. ಆಗುಂಬೆ ಘಾಟಿಯ ತಲೆಯ ಮೇಲಿರುವ ಊರುಗಳಲ್ಲಿ ಜುಲೈ ತಿಂಗಳು ಹೊದೆಯುವ ಕಂಬಳಿಯೇ ಬೂಸ್ಟು ಹಿಡಿಯುತ್ತದೆ.

2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ ಬೇರೆಯೇ ದಿಕ್ಕಿನ ಒಂದು ತೀರ್ಮಾನ ಮಾಡಿತು: ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು ತೊಗರಿಬೇಳೆ, ಅಡುಗೆ ಎಣ್ಣೆ, ಸಕ್ಕರೆ, ಉಪ್ಪು ಇರುವ ಕಿಟ್. ಹೆಚ್ಚುವರಿ ಅಕ್ಕಿ ಕಾಳಸಂತೆಗೆ ಹೋಗುತ್ತಿದೆ ಎಂಬುದು ಇದರ ಹಿಂದಿನ ಮುಖ್ಯ ಚಿಂತೆ, ಪೌಷ್ಟಿಕತೆಯದು ಆಮೇಲಿನದು. ಕಾರಣ ಏನೇ ಇರಲಿ, ಬೇಳೆ ತಟ್ಟೆಗೆ ಬಂದರೆ ಅದರ ಜೊತೆ ಪ್ರೋಟೀನ್, ಫೋಲೇಟ್, ಒಂದಿಷ್ಟು ಕಬ್ಬಿಣ ತಾವಾಗಿ ಬರುತ್ತವೆ, ಯಾರೂ ಅದನ್ನು ಪ್ಲಾಸ್ಟಿಕ್ ಎನ್ನುವುದಿಲ್ಲ. ಮಲೆನಾಡಿನ ಮಟ್ಟಿಗೆ ಕೇಳಿದ್ದರೆ ನಾನು ತೊಗರಿಯ ಜಾಗದಲ್ಲಿ ಹುರುಳಿ ಕೇಳುತ್ತಿದ್ದೆ. ಬೆಂಗಳೂರಿನಿಂದ ಕಳಿಸುವ ಕಿಟ್ಟಿಗೆ ಅಷ್ಟು ಊರಭಿಮಾನ ಇರುವುದಿಲ್ಲ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ. ಊರಿನ ಹೆಸರಲ್ಲೇ ಅಕ್ಕಿ ಇದೆ. ಅಡಿಕೆಯ ಎಲೆಚುಕ್ಕಿ ರೋಗಕ್ಕೆ ಔಷಧ ಕೇಳುವ ರೈತರು ಅಲ್ಲಿಗೆ ಹೋಗಲಿ, ಬೇಕಾದದ್ದೇ. ಗದ್ದೆ ಬಿಟ್ಟವರ ಮನೆಯಲ್ಲಿ ಏನು ಉಣ್ಣುತ್ತಿದ್ದಾರೆ ಎಂದು ಅಲ್ಲಿಂದ ಯಾರಾದರೂ ಕೆಳಗಿಳಿದು ನೋಡಿದರೂ ತಪ್ಪಾಗದು.

ಪಕ್ಕದ ಮನೆಯ ಅಕ್ಕನಿಗೆ ನಾನು ಇದನ್ನೆಲ್ಲ ಇಷ್ಟುದ್ದ ಹೇಳಲಿಲ್ಲ. ಶಾವಿಗೆ ಹಾಗೆ ಒತ್ತಿ ಮಾಡಿದ್ದು, ಒಳಗೆ ಕಬ್ಬಿಣದ ಔಷಧ ಇದೆ, ಚೆಲ್ಲಬೇಡಿ ಎಂದೆ. “ಹಂಗಂತ ಅಂಗಡಿಯವ ಹೇಳ್ಬಾರದಾ?” ಎಂದರು. ಅವರ ಮಗಳಿಗೆ ಬಸಿರಿನಲ್ಲಿ ರಕ್ತ ಕಡಿಮೆ ಎಂದು ಮಾತ್ರೆ ಕೊಟ್ಟಿದ್ದರಂತೆ, ವಾಕರಿಕೆ ಬಂದು ಬಿಟ್ಟಿದ್ದಳಂತೆ. ನಾಲ್ಕು ದಿನ ಬಿಟ್ಟು ಆ ಕಡೆ ಹೋದಾಗ ನೋಡಿದರೆ ಮೊರ ಅಂಗಳದಲ್ಲೇ ಇತ್ತು. ಮಿಲ್ಲಿನಿಂದ ತಂದ ತೌಡು ಕೊಟ್ಟಿಗೆಯ ಒಂದೇ ಒಂದು ದನದ ಬಾನಿಗೆ ಬಿದ್ದಿತ್ತು. ಆರಿಸಿದ ಹಳದಿ ಕಾಳುಗಳನ್ನು ಎರಡು ಹೇಂಟೆ ಕೆದರಿ ಕೆದರಿ ತಿನ್ನುತ್ತಿದ್ದವು. “ಚೆಲ್ಲಿಲ್ಲ ಮಾರಾಯ್ರೆ,” ಎಂದರು ಅಕ್ಕ, “ಕೋಳಿಗೆ ಹಾಕಿದೆ. ಮೊದ್ಲು ಅವು ತಿಂದು ಹೇಗಿರ್ತವೆ ನೋಡುವ.”